ಪಕ್ಕದ ಮನೆಗೆ ಹೋಗೋಕೂ ಬೆರಳಚ್ಚು



2025ರ ಅಕ್ಟೋಬರ್ 12ರ ಭಾನುವಾರ ಯುರೋಪಿನ ಬಾಗಿಲಲ್ಲಿ ಒಂದು ಹೊಸ ವ್ಯವಸ್ಥೆ ಕೆಲಸ ಶುರು ಮಾಡಿತು. ನಮ್ಮಲ್ಲಿ ಅದಕ್ಕೆ ಸಿಕ್ಕಿದ್ದು ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಒಂದೇ ಒಂದು ಸಾಲು. ದೀಪಾವಳಿ ಎದುರಿಗಿರುವಾಗ ಯುರೋಪಿನ ಗಡಿ ಸುದ್ದಿ ಯಾರಿಗೆ ಬೇಕು ಅಂತ ಡೆಸ್ಕಿನಲ್ಲಿ ಕೇಳಿದರು. ತಪ್ಪೇನಿಲ್ಲ. ಆದರೆ ಮಗನೋ ಮಗಳೋ ಲಂಡನ್ ಕಡೆ ಇರುವ ಮನೆಗಳು ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಕಡಿಮೆಯೇನಿಲ್ಲ. "ಅಪ್ಪ, ಇಲ್ಲಿಗೆ ಬಂದಾಗ ಹಾಗೇ ಪ್ಯಾರಿಸ್ಸಿಗೂ ಹೋಗಿ ಬರೋಣ" ಅನ್ನುವ ಫೋನು ಬಂದಿರುವ ಮನೆಗಳೂ ಕಡಿಮೆಯಿಲ್ಲ. ಆ "ಹಾಗೇ" ಅನ್ನುವ ಪದ ಇದೆಯಲ್ಲ, ಇವತ್ತು ನಾನು ಮಾತಾಡಬೇಕು ಅಂತಿರೋದು ಅದರ ಬಗ್ಗೆ.

ಮೊದಲು ಸುದ್ದಿ ಏನು ಅಂತ ನೋಡೋಣ. ಇದರ ಹೆಸರು ಎಂಟ್ರಿ ಎಕ್ಸಿಟ್ ಸಿಸ್ಟಮ್, ಚಿಕ್ಕದಾಗಿ ಇ.ಇ.ಎಸ್. ಇಲ್ಲಿಯವರೆಗೆ ಫ್ರಾನ್ಸಿಗೋ ಸ್ಪೇನಿಗೋ ಹೋದ ಹೊರಗಿನವರ ಪಾಸ್‌ಪೋರ್ಟಿಗೆ ಅಲ್ಲಿನ ಅಧಿಕಾರಿ ಒಂದು ಸೀಲು ಒತ್ತುತ್ತಿದ್ದ. ಬಂದಾಗ ಒಂದು, ಹೋಗುವಾಗ ಒಂದು. ಇನ್ನು ಮೇಲೆ ಆ ಸೀಲು ಇಲ್ಲ. ಮುಖದ ಫೋಟೋ ತೆಗೆಯುತ್ತಾರೆ, ನಾಲ್ಕು ಬೆರಳುಗಳ ಗುರುತು ತಗೊಳ್ಳುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ, ಫೋಟೋ ಮಾತ್ರ. ಶುಲ್ಕವೇನಿಲ್ಲ. ಆ ದಾಖಲೆ ಮೂರು ವರ್ಷ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಒಂದೇ ದಿನ ಎಲ್ಲ ವಿಮಾನ ನಿಲ್ದಾಣಗಳಲ್ಲೂ ಶುರುವಾಗಲಿಲ್ಲ. ಹಂತ ಹಂತವಾಗಿ ಮಾಡಿ, 2026ರ ಏಪ್ರಿಲ್ 10ರೊಳಗೆ ಎಲ್ಲ ಕಡೆ ಜಾರಿಗೆ ತರುವುದು ಅಂತ ತೀರ್ಮಾನವಾಗಿತ್ತು.

ಸರಿ, ಹೊರಗಿನವರಿಗೆ ತಾನೇ? ಹೌದು. ಆದರೆ ಈ ಸಲ ಆ ಹೊರಗಿನವರ ಸಾಲಿನಲ್ಲಿ ಅಮೆರಿಕದವರು, ಜಪಾನಿನವರು, ನಮ್ಮವರ ಜೊತೆ ಇನ್ನೊಬ್ಬರೂ ನಿಂತಿದ್ದಾರೆ. ಬ್ರಿಟಿಷರು. ಪಕ್ಕದ ಮನೆಯವರು.

ಎಷ್ಟು ಪಕ್ಕ ಗೊತ್ತಾ? ಇಂಗ್ಲೆಂಡಿನ ಡೋವರ್‌ಗೂ ಫ್ರಾನ್ಸಿನ ಕರಾವಳಿಗೂ ನಡುವೆ ಕಿರಿದಾದ ಜಾಗದಲ್ಲಿ ಇರೋದು ಸುಮಾರು 33 ಕಿಲೋಮೀಟರ್ ನೀರು. ಆಕಾಶ ತಿಳಿಯಾಗಿದ್ದರೆ ಈಚೆ ದಡದಿಂದ ಆಚೆ ದಡ ಬರಿಗಣ್ಣಿಗೆ ಕಾಣುತ್ತದೆ. 1994ರಿಂದ ಸಮುದ್ರದ ಕೆಳಗೆ ಸುರಂಗ ಇದೆ. ಲಂಡನ್ನಿನಲ್ಲಿ ರೈಲು ಹತ್ತಿದರೆ ಎರಡೂಕಾಲು ಗಂಟೆ, ಎರಡೂವರೆ ಗಂಟೆಗೆಲ್ಲ ಪ್ಯಾರಿಸ್. ನಾವು ಬೆಂಗಳೂರಿನಿಂದ ಮೈಸೂರಿಗೆ ರೈಲಲ್ಲಿ ಹೋಗುವಷ್ಟು ಹೊತ್ತು. ಇನ್ನೂ ಒಂದು ವಿಚಿತ್ರ ಇದೆ: ಡೋವರ್ ಬಂದರಿನಲ್ಲಿ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಲ್ಲಿ ಫ್ರಾನ್ಸಿನ ಗಡಿ ಪೊಲೀಸರೇ ಕೂತಿರುತ್ತಾರೆ. ಎರಡೂ ದೇಶಗಳ ನಡುವಿನ ಒಪ್ಪಂದದ ಪ್ರಕಾರ ಫ್ರಾನ್ಸಿನ ತಪಾಸಣೆ ಬ್ರಿಟನ್ ನೆಲದಲ್ಲೇ ಮುಗಿಯುತ್ತದೆ. ಅಂದರೆ ಬ್ರಿಟಿಷ್ ಪ್ರಜೆ ತನ್ನದೇ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ, ಇನ್ನೂ ರೈಲು ಹತ್ತುವ ಮುಂಚೆ, ಫ್ರಾನ್ಸಿಗೆ ಬೆರಳಚ್ಚು ಕೊಡಬೇಕು.

ಇದು ಹೇಗಾಯಿತು ಅನ್ನೋಕೆ ಸ್ವಲ್ಪ ಹಿಂದೆ ಹೋಗಬೇಕು. ಲಕ್ಸೆಂಬರ್ಗಿನಲ್ಲಿ ಮೊಸೆಲ್ ನದಿ ದಡದಲ್ಲಿ ಶೆಂಗೆನ್ ಅಂತ ಒಂದು ಸಣ್ಣ ಊರು. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ದೇಶ ಸೇರುವ ಜಾಗ ಅದು. 1985ರ ಜೂನ್ 14ರಂದು ಆ ನದಿಯಲ್ಲಿ ನಿಲ್ಲಿಸಿದ್ದ ಹಡಗೊಂದರ ಮೇಲೆ ಐದು ದೇಶಗಳ ಪ್ರತಿನಿಧಿಗಳು ಕೂತು ಸಹಿ ಹಾಕಿದರು: ಫ್ರಾನ್ಸ್, ಆಗಿನ ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್. ನಮ್ಮ ನಮ್ಮ ನಡುವಿನ ಗಡಿ ತಪಾಸಣೆ ತೆಗೆದುಬಿಡೋಣ ಅಂತ. ಅದು ನಿಜವಾಗಿ ಜಾರಿಗೆ ಬಂದಿದ್ದು ಹತ್ತು ವರ್ಷದ ಮೇಲೆ, 1995ರ ಮಾರ್ಚ್‌ನಲ್ಲಿ. ಈಗ ಆ ಗುಂಪಿನಲ್ಲಿ 29 ದೇಶಗಳಿವೆ. ಬಲ್ಗೇರಿಯಾ, ರೊಮೇನಿಯಾಗಳು ಪೂರ್ತಿಯಾಗಿ ಒಳಗೆ ಬಂದಿದ್ದು 2025ರ ಜನವರಿ 1ಕ್ಕೆ. ಒಳಗೆ ಬಂದವನಿಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವುದು ಅಂದರೆ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದ ಹಾಗೆ. ಬೋರ್ಡಿನ ಮೇಲಿನ ಅಕ್ಷರ ಬದಲಾಗುತ್ತದೆ, ಅಷ್ಟೇ. (ಜರ್ಮನಿ 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ನೆಲಗಡಿಗಳಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ, ಅದು ಬೇರೆ ಕಥೆ.)

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಯುರೋಪು ಅನ್ನೋದು ಒಂದು, ಐರೋಪ್ಯ ಒಕ್ಕೂಟ ಅನ್ನೋದು ಇನ್ನೊಂದು, ಶೆಂಗೆನ್ ಅನ್ನೋದು ಮತ್ತೊಂದು. ಸ್ವಿಟ್ಜರ್ಲೆಂಡ್, ನಾರ್ವೆ ಒಕ್ಕೂಟದಲ್ಲಿಲ್ಲ, ಶೆಂಗೆನ್‌ನಲ್ಲಿವೆ. ಐರ್ಲೆಂಡ್, ಸೈಪ್ರಸ್ ಒಕ್ಕೂಟದಲ್ಲಿವೆ, ಶೆಂಗೆನ್‌ನಲ್ಲಿಲ್ಲ. ಬ್ರಿಟನ್ ಈಗ ಎರಡರಲ್ಲೂ ಇಲ್ಲ. ಟೂರ್ ಪ್ಯಾಕೇಜಿನ ಜಾಹೀರಾತಿನಲ್ಲಿ "ಯುರೋಪ್ 12 ದಿನ" ಅಂತ ಇದ್ದು ಅದರಲ್ಲಿ ಲಂಡನ್ನೂ ಸೇರಿದ್ದರೆ ಆ ಒಂದು ಪದದ ಒಳಗೆ ಎರಡು ವೀಸಾ ಅಡಗಿದೆ ಅಂತ ಅರ್ಥ.

ಬ್ರಿಟನ್ ಶೆಂಗೆನ್ ಗುಂಪಿಗೆ ಎಂದೂ ಸೇರಿದ್ದೇ ಇಲ್ಲ. ಆದರೆ ಒಕ್ಕೂಟದ ಸದಸ್ಯ ದೇಶವಾಗಿತ್ತಲ್ಲ, ಹಾಗಾಗಿ ಬ್ರಿಟಿಷ್ ಪ್ರಜೆ ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಎಷ್ಟು ದಿನ ಇರ್ತೀರಿ, ಯಾಕೆ ಬಂದಿರಿ, ವಾಪಸ್ ಟಿಕೆಟ್ ಎಲ್ಲಿ, ಕೈಯಲ್ಲಿ ದುಡ್ಡೆಷ್ಟಿದೆ? ಒಂದೂ ಕೇಳುವ ಹಾಗಿರಲಿಲ್ಲ. 2016ರ ಜೂನ್ 23ರಂದು ಜನಮತಗಣನೆ ಆಯಿತು. ಶೇಕಡಾ 51.9 ಮಂದಿ ಹೊರಗೆ ಹೋಗೋಣ ಅಂದರು, 48.1 ಮಂದಿ ಬೇಡ ಅಂದರು. ಹೋಗೋಣ ಅಂದವರ ದೊಡ್ಡ ಘೋಷಣೆ ಏನಾಗಿತ್ತು? ನಮ್ಮ ಗಡಿ ನಮ್ಮ ಕೈಯಲ್ಲಿರಬೇಕು. ಒಳ್ಳೆಯದೇ. ಆದರೆ ಗಡಿಗೆ ಎರಡು ಮಗ್ಗುಲು. ನಮ್ಮ ಬಾಗಿಲಿಗೆ ನಾವು ಚಿಲಕ ಹಾಕಿದ ದಿನ, ಎದುರು ಮನೆಯವನೂ ತನ್ನ ಬಾಗಿಲಿಗೆ ಚಿಲಕ ಹಾಕುತ್ತಾನೆ. 2020ರ ಡಿಸೆಂಬರ್ 31ಕ್ಕೆ ಸಂಧಿಕಾಲ ಮುಗಿಯಿತು. ಮಾರನೇ ದಿನದಿಂದ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದವನು ಫ್ರಾನ್ಸಿನ ಲೆಕ್ಕದಲ್ಲಿ "ಮೂರನೇ ದೇಶ"ದವನು.

ನೆನಪಿಡಿ, ಆ ದಿನ ಫ್ರಾನ್ಸ್ ಬ್ರಿಟಿಷರಿಗಾಗಿ ಅಂತ ಹೊಸ ಕಾನೂನು ಬರೆಯಲಿಲ್ಲ. ಹೊರಗಿನವರಿಗೆ ಇದ್ದ ಕಾನೂನು ಮೊದಲಿನಿಂದಲೂ ಇತ್ತು. ಇ.ಇ.ಎಸ್. ಪ್ರಸ್ತಾಪವೇ 2013ರದ್ದು. ಜನಮತಗಣನೆಗಿಂತ ಮೂರು ವರ್ಷ ಹಿಂದಿನದು. ಲಂಡನ್ನಿನ ಕೆಲವು ಪತ್ರಿಕೆಗಳು ಇದನ್ನು ಸೇಡು, ಶಿಕ್ಷೆ ಅಂತೆಲ್ಲ ಬರೆಯುತ್ತಾ ಬಂದಿವೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಿಯಮ ನಿಂತಲ್ಲೇ ನಿಂತಿತ್ತು. ಬ್ರಿಟನ್ನೇ ಎದ್ದು ಬಂದು ಅದರ ಕೆಳಗೆ ಕೂತಿತು.

ಆ ನಿಯಮಗಳಲ್ಲಿ ಮುಖ್ಯವಾದದ್ದು 90–180 ಲೆಕ್ಕ. ನಾನು ಓದಿದ್ದು ಇಂಜಿನಿಯರಿಂಗು. ಓದಿದ್ದು ಉಪಯೋಗಕ್ಕೆ ಬರುವ ಸಂದರ್ಭ ಈ ಕೆಲಸದಲ್ಲಿ ಬಹಳ ಕಡಿಮೆ, ಹಾಗಾಗಿ ಸಿಕ್ಕಾಗ ಬಿಡೋದಿಲ್ಲ. ನಿಯಮ ಹೇಳುವುದು ಇಷ್ಟು: ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಶೆಂಗೆನ್ ಒಳಗೆ ಇರುವಂತಿಲ್ಲ. ಜನ ಇದನ್ನು "ಆರು ತಿಂಗಳಿಗೆ ಮೂರು ತಿಂಗಳು" ಅಂತ ಓದಿಕೊಳ್ಳುತ್ತಾರೆ. ಜನವರಿಯಿಂದ ಜೂನ್ ಒಂದು ಖಾತೆ, ಜುಲೈಯಿಂದ ಡಿಸೆಂಬರ್ ಇನ್ನೊಂದು ಖಾತೆ ಅಂತ. ಹಾಗಲ್ಲ. "ಯಾವುದೇ" ಅನ್ನುವ ಪದದಲ್ಲಿ ಕೀಲಿ ಇದೆ. ಕ್ಯಾಲೆಂಡರಿನ ದಿನಗಳನ್ನೆಲ್ಲ ಒಂದು ಉದ್ದ ಪಟ್ಟಿಯಾಗಿ ಅಂಟಿಸಿ. ಅಲ್ಲಿ ಇದ್ದ ದಿನಗಳಿಗೆ ಬಣ್ಣ ಹಚ್ಚಿ. ರಟ್ಟಿನಲ್ಲಿ 180 ದಿನ ಕಾಣುವಷ್ಟು ಉದ್ದದ ಕಿಟಕಿ ಕತ್ತರಿಸಿ, ಅದರ ಬಲ ಅಂಚು ಇವತ್ತಿನ ದಿನದ ಮೇಲೆ ಬರುವ ಹಾಗೆ ಇಡಿ. ಕಿಟಕಿಯೊಳಗೆ ಕಾಣುವ ಬಣ್ಣದ ದಿನಗಳು 90 ಮೀರಬಾರದು. ನಾಳೆ ಕಿಟಕಿ ಒಂದು ಮನೆ ಬಲಕ್ಕೆ ಸರಿಯುತ್ತದೆ. ಎಡಗಡೆಯಿಂದ ಒಂದು ಹಳೇ ದಿನ ಆಚೆ ಹೋಗುತ್ತದೆ, ಬಲಗಡೆ ಒಂದು ಹೊಸ ದಿನ ಒಳಗೆ ಬರುತ್ತದೆ. ಹೀಗೆ ಪ್ರತಿದಿನ.

ಒಂದು ಲೆಕ್ಕ ಮಾಡೋಣ. 2025ರ ಜನವರಿ 1ಕ್ಕೆ ಸ್ಪೇನಿಗೆ ಹೋಗಿ ಮಾರ್ಚ್ 31ಕ್ಕೆ ಹೊರಟವರು ಸರಿಯಾಗಿ 90 ದಿನ ಮುಗಿಸಿದರು. ಇವರು ಮತ್ತೆ ಒಳಗೆ ಕಾಲಿಡಬಹುದಾದ ಮೊದಲ ದಿನ ಜೂನ್ 30. ಅವತ್ತು ಜನವರಿ 1 ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ಹಳೆಯದು ಹೋಗುತ್ತಾ ಹೊಸದು ಬರುತ್ತಾ, ಬೇಕಿದ್ದರೆ ಸೆಪ್ಟೆಂಬರ್ 27ರವರೆಗೆ ಇರಬಹುದು. ಬಂದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ರಾತ್ರಿ 11 ಗಂಟೆಗೆ ವಿಮಾನ ಇಳಿದರೂ ಒಂದು ದಿನ ಖರ್ಚಾಯಿತು. ನಡುವೆ ಒಂದು ದಿನ ಲಂಡನ್ನಿಗೆ ಹೋಗಿ ಬಂದರೆ ಮೀಟರು ಸೊನ್ನೆಯಿಂದ ಶುರುವಾಗುತ್ತದೆ ಅಂತ ನಂಬಿರುವವರಿದ್ದಾರೆ. ಆಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಈ 90 ಅನ್ನೋದು 29 ದೇಶಗಳಿಗೂ ಸೇರಿ. ಫ್ರಾನ್ಸಿಗೆ 90, ಇಟಲಿಗೆ 90 ಅಂತ ಬೇರೆ ಬೇರೆ ಅಲ್ಲ.

ಸೀಲಿನ ಕಾಲದಲ್ಲಿ ಇದನ್ನೆಲ್ಲ ಲೆಕ್ಕ ಹಾಕೋರು ಯಾರು? ಅಧಿಕಾರಿ ಪುಟ ತಿರುಗಿಸಿ, ಮಸುಕಾದ ಶಾಯಿಯಲ್ಲಿ ತಾರೀಖು ಹುಡುಕಿ, ಬೆರಳು ಮಡಚಿ ಎಣಿಸಬೇಕಿತ್ತು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಎರಡು ದಿನ ಹೆಚ್ಚಾಗಿದ್ದರೂ ಎಷ್ಟೋ ಸಲ ಕಣ್ಣು ತಪ್ಪುತ್ತಿತ್ತು. ಕಂಪ್ಯೂಟರಿಗೆ ಕಣ್ಣು ತಪ್ಪುವುದಿಲ್ಲ. ಅದೇ ಇ.ಇ.ಎಸ್.ನ ನಿಜವಾದ ಬದಲಾವಣೆ. ಬೆರಳಚ್ಚಿನ ಬಗ್ಗೆ ಗಲಾಟೆ ಆಗುತ್ತಿದೆ, ಕ್ಯೂ ಬಗ್ಗೆ ಗಲಾಟೆ ಆಗುತ್ತಿದೆ. ನನ್ನ ಪ್ರಕಾರ ಅವೆರಡೂ ಸಣ್ಣ ವಿಷಯ. ಇಷ್ಟು ದಿನ ಕಾಗದದ ಮೇಲಿದ್ದ ನಿಯಮ ಈಗ ಪ್ರತಿಯೊಬ್ಬರ ಮೇಲೂ, ಪ್ರತಿ ಸಲವೂ, ಒಂದು ದಿನದ ರಿಯಾಯಿತಿ ಇಲ್ಲದೆ ಅನ್ವಯ ಆಗುತ್ತದೆ.

ಇದರಿಂದ ಯಾರಿಗೆ ನೋವು? ವಾರದ ಮಟ್ಟಿಗೆ ಪ್ಯಾರಿಸ್ ನೋಡೋಕೆ ಹೋಗುವವನಿಗಲ್ಲ. ಅವನಿಗೆ ಐದು ನಿಮಿಷ ಹೆಚ್ಚು ನಿಲ್ಲಬೇಕು, ಅಷ್ಟೇ. ನೋವು ಆಗಿರುವುದು ನಿವೃತ್ತರಿಗೆ. ಜೀವನವಿಡೀ ಮಳೆ ಮೋಡದ ಊರಲ್ಲಿ ದುಡಿದು, ಕೂಡಿಟ್ಟ ದುಡ್ಡಲ್ಲಿ ಸ್ಪೇನಿನ ಅಲಿಕಾಂಟೆಯಲ್ಲೋ ಮಲಗಾ ಹತ್ತಿರವೋ ಎರಡು ಕೋಣೆಯ ಮನೆ ತಗೊಂಡವರು ಬ್ರಿಟನ್ನಿನಲ್ಲಿ ಬಹಳ ಜನ. ಅಕ್ಟೋಬರಿನಲ್ಲಿ ಹೋಗುವುದು, ಚಳಿಗಾಲ ಪೂರ್ತಿ ಅಲ್ಲಿ ಬಿಸಿಲು ಕಾಯಿಸುವುದು, ಏಪ್ರಿಲಿನಲ್ಲಿ ಬರುವುದು. ಆ ಆರು ತಿಂಗಳು ಈಗ ಮೂರಾಗಿದೆ. ಮನೆ ಅವರದೇ, ತೆರಿಗೆ ಕಟ್ಟುವವರು ಅವರೇ, ಬೀಗದ ಕೈ ಅವರ ಜೇಬಲ್ಲೇ ಇದೆ. 91ನೇ ದಿನ ಮಾತ್ರ ಆ ಮನೆಯಲ್ಲಿ ಮಲಗುವ ಹಾಗಿಲ್ಲ. ಹೆಚ್ಚು ದಿನ ಬೇಕಿದ್ದರೆ ದೀರ್ಘಾವಧಿ ವೀಸಾಗೆ ಅರ್ಜಿ ಹಾಕಿ ಆದಾಯ ತೋರಿಸಬೇಕು. ಫ್ರಾನ್ಸಿನ ಸಂಸತ್ತು ಒಮ್ಮೆ ಕರುಣೆ ತೋರಿಸಿತ್ತು: ಫ್ರಾನ್ಸಿನಲ್ಲಿ ಎರಡನೇ ಮನೆ ಇರುವ ಬ್ರಿಟಿಷರಿಗೆ ದೀರ್ಘಾವಧಿ ವೀಸಾ ತಾನಾಗಿಯೇ ಕೊಡಬೇಕು ಅನ್ನುವ ಒಂದು ತಿದ್ದುಪಡಿ 2023ರ ಕೊನೆಯಲ್ಲಿ ಪಾಸಾಯಿತು. 2024ರ ಜನವರಿಯಲ್ಲಿ ಅಲ್ಲಿನ ಸಾಂವಿಧಾನಿಕ ಮಂಡಳಿ ಅದನ್ನು ಹೊಡೆದುಹಾಕಿತು.

ಪಾಸ್‌ಪೋರ್ಟಿನ ಕಥೆ ಇನ್ನೂ ಕೇಳಿ. ನನ್ನ ಕಾಲೇಜಿನ ಗೆಳೆಯನೊಬ್ಬ ಲಂಡನ್ನಿನ ಪಶ್ಚಿಮಕ್ಕೆ ರೆಡಿಂಗ್ ಅನ್ನುವ ಊರಲ್ಲಿದ್ದಾನೆ. ಅವನ ಪಕ್ಕದ ಮನೆಯ ವೃದ್ಧ ದಂಪತಿ 2024ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಅಂತ ಸ್ಪೇನಿಗೆ ಹೊರಟರು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಯಜಮಾನರನ್ನು ನಿಲ್ಲಿಸಿದರು. ಪಾಸ್‌ಪೋರ್ಟಿನ ಅವಧಿ 2025ರ ಆಗಸ್ಟ್‌ವರೆಗೆ ಇತ್ತು, ಇನ್ನೂ ಎಂಟು ತಿಂಗಳು ಬಾಕಿ! ಆದರೂ ಹೋಗುವಂತಿಲ್ಲ ಅಂದರು. ಯಾಕೆ? ಬ್ರಿಟನ್ನಿನಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಅವಧಿಗೆ ಮುಂಚೆಯೇ ನವೀಕರಣ ಮಾಡಿಸಿದರೆ ಹಳೇ ಪಾಸ್‌ಪೋರ್ಟಿನಲ್ಲಿ ಉಳಿದ ತಿಂಗಳುಗಳನ್ನು, ಗರಿಷ್ಠ ಒಂಬತ್ತು ತಿಂಗಳವರೆಗೆ, ಹೊಸದಕ್ಕೆ ಸೇರಿಸಿಕೊಡುತ್ತಿದ್ದರು. ಹಾಗಾಗಿ ಹತ್ತು ವರ್ಷ ಒಂಬತ್ತು ತಿಂಗಳ ಪಾಸ್‌ಪೋರ್ಟುಗಳು ಓಡಾಡುತ್ತಿದ್ದವು. 2018ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ನಿಂತಿತು. ಆದರೆ ಶೆಂಗೆನ್ ನಿಯಮ ಬೇರೆ ಕಡೆಯಿಂದ ಎಣಿಸುತ್ತದೆ: ಒಳಗೆ ಬರುವ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು, ಹೊರಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು. ಯಜಮಾನರ ಪಾಸ್‌ಪೋರ್ಟ್ ಕೊಟ್ಟಿದ್ದು 2014ರ ನವೆಂಬರಿನಲ್ಲಿ. ಹತ್ತು ವರ್ಷದ ಮೇಲೆ ಕೆಲವೇ ವಾರ ಆಗಿತ್ತು. ಮಡದಿಯ ಪಾಸ್‌ಪೋರ್ಟ್ ಸರಿಯಿತ್ತು. ಆಕೆ ಒಬ್ಬರೇ ಹೋಗುತ್ತಾರೆಯೇ? ಇಬ್ಬರೂ ಸೂಟ್‌ಕೇಸ್ ಎಳೆದುಕೊಂಡು ವಾಪಸ್ ಬಂದರು. ಟಿಕೆಟ್ ದುಡ್ಡು ಹೋಯಿತು. ನನ್ನ ಗೆಳೆಯ ಹೇಳಿದ, "ಅಜ್ಜನಿಗೆ ಸಿಟ್ಟು ಬಂದಿದ್ದು ದುಡ್ಡಿಗಲ್ಲ ಮಾರಾಯ. ಎಂಟು ತಿಂಗಳು ಬಾಕಿ ಇದೆ ಅಂತ ಹೇಳಿದ್ದನ್ನೇ ಹೇಳ್ತಿದ್ರು."

ಅವರು ಯಾವ ಕಡೆ ಓಟು ಹಾಕಿದ್ದರು ಅಂತ ನಾನು ಕೇಳಲಿಲ್ಲ. ಕೇಳುವುದು ಸರಿಯೂ ಅಲ್ಲ. ಈ ವಿಷಯ ಬಂದಾಗ ನಮ್ಮ ವಾಟ್ಸಾಪ್‌ಗಳಲ್ಲಿ ಒಂದು ಥರದ ಖುಷಿ ಓಡಾಡುತ್ತಿದೆ. ಇನ್ನೂರು ವರ್ಷ ಆಳಿದವರು ಈಗ ಕ್ಯೂ ನಿಲ್ಲಲಿ, ನಾವು ಕೊಡೋ ಬೆರಳಚ್ಚು ಅವರೂ ಕೊಡಲಿ ಅಂತ. ಭಾರತದಲ್ಲಿ ಶೆಂಗೆನ್ ವೀಸಾಗೆ ಬೆರಳಚ್ಚು ಕಡ್ಡಾಯ ಆಗಿದ್ದು 2015ರ ನವೆಂಬರಿನಲ್ಲಿ. ಹತ್ತು ವರ್ಷದಿಂದ ಕೊಡ್ತಿದ್ದೇವೆ, ನಿಜ. ಆದರೂ ಆ ಖುಷಿ ನನಗೆ ಬರಲಿಲ್ಲ. ಕ್ಯೂನಲ್ಲಿ ನಿಲ್ಲುವವನು ವೈಸ್‌ರಾಯ್ ಅಲ್ಲ. ಪಿಂಚಣಿ ತಗೊಳ್ಳುವ ಅಜ್ಜ. ಜನಮತಗಣನೆ ಆದಾಗ ಓಟೇ ಇಲ್ಲದಿದ್ದ ಹುಡುಗ. ಬೇಡ ಅಂತ ಓಟು ಹಾಕಿದ 48 ಪರ್ಸೆಂಟಿನವನು. ಅಷ್ಟೇ ಅಲ್ಲ, ಆ ಕ್ಯೂನಲ್ಲಿ ನಮ್ಮವರೂ ಇದ್ದಾರೆ. ಅದಕ್ಕೆ ಬರುತ್ತೇನೆ.

ಅದಕ್ಕೂ ಮುಂಚೆ ಎದುರು ದಡದ ಮಾತು. ಬ್ರಿಟನ್ ಕೂಡ ಸುಮ್ಮನೆ ಕೂತಿಲ್ಲ. ಮೊದಲು ಜರ್ಮನಿಯವನೋ ಇಟಲಿಯವನೋ ಜೇಬಿನ ಗುರುತಿನ ಚೀಟಿ ತೋರಿಸಿ ಲಂಡನ್ನಿಗೆ ಬರುತ್ತಿದ್ದ. 2021ರ ಅಕ್ಟೋಬರ್ 1ರಿಂದ ಅದು ನಡೆಯುವುದಿಲ್ಲ, ಪಾಸ್‌ಪೋರ್ಟೇ ಬೇಕು ಅಂದರು. ಇದರ ಮೊದಲ ಏಟು ಬಿದ್ದಿದ್ದು ಯಾರಿಗೆ ಗೊತ್ತಾ? ಫ್ರಾನ್ಸಿನ ಶಾಲಾ ಮಕ್ಕಳಿಗೆ. ಇಂಗ್ಲಿಷ್ ಕಲಿಯೋಕೆ ಅಂತ ಬಸ್ಸಿನಲ್ಲಿ ಇಂಗ್ಲೆಂಡಿಗೆ ಬರುತ್ತಿದ್ದ ಮಕ್ಕಳಲ್ಲಿ ಎಷ್ಟೋ ಜನರ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ. ಒಕ್ಕೂಟದ ಹೊರಗಿನ ದೇಶದಿಂದ ಬಂದು ಫ್ರಾನ್ಸಿನಲ್ಲಿ ಓದುತ್ತಿದ್ದ ಸಹಪಾಠಿಗೆ ವೀಸಾ ಬೇರೆ ಬೇಕು. ಪ್ರವಾಸಗಳು ಬಿದ್ದುಹೋದವು, ಶಾಲೆಗಳು ಐರ್ಲೆಂಡ್ ಕಡೆ ತಿರುಗಿದವು. ಕೊನೆಗೆ 2023ರ ಡಿಸೆಂಬರ್ ಕೊನೆಯಲ್ಲಿ ಫ್ರಾನ್ಸಿನ ಶಾಲಾ ಗುಂಪುಗಳಿಗೆ ಮಾತ್ರ ವಿನಾಯಿತಿ ಕೊಟ್ಟರು. 2025ರ ಏಪ್ರಿಲ್ 2ರಿಂದ ಒಕ್ಕೂಟದ ಪ್ರಜೆಗಳೆಲ್ಲ ಬ್ರಿಟನ್ನಿಗೆ ಬರುವ ಮುಂಚೆ ಇ.ಟಿ.ಎ. ಅನ್ನುವ ಆನ್‌ಲೈನ್ ಪರವಾನಗಿ ತಗೊಳ್ಳಬೇಕು. ಶುಲ್ಕ 10 ಪೌಂಡ್ ಅಂದರು, ಒಂದೇ ವಾರದಲ್ಲಿ 16 ಮಾಡಿದರು. ಅತ್ತ ಯುರೋಪಿನವರೂ ಅದೇ ಮಾದರಿಯ ಎಟಿಯಾಸ್ ಅನ್ನುವುದನ್ನು 2026ರ ಕೊನೆಗೆ ತರುತ್ತಿದ್ದಾರೆ. ಮೊದಲು 7 ಯೂರೋ ಅಂದಿದ್ದವರು ಈಗ 20 ಅನ್ನುತ್ತಿದ್ದಾರೆ. ನೀನು ಹತ್ತು ಅಂದರೆ ನಾನು ಇಪ್ಪತ್ತು.

ಈ ಜಗಳದಿಂದ ಹೊರಗುಳಿದವರು ಐರ್ಲೆಂಡಿನವರು ಮಾತ್ರ. ಐರ್ಲೆಂಡಿಗೂ ಬ್ರಿಟನ್ನಿಗೂ ನಡುವೆ 1920ರ ದಶಕದಿಂದ ಸಮಾನ ಸಂಚಾರ ಪ್ರದೇಶ ಅನ್ನುವ ಏರ್ಪಾಡಿದೆ. ಅವರ ಪ್ರಜೆಗಳು ಇತ್ತ, ಇವರ ಪ್ರಜೆಗಳು ಅತ್ತ ವೀಸಾ ಇಲ್ಲದೆ ಓಡಾಡಬಹುದು, ವಾಸ ಮಾಡಬಹುದು. ಐರ್ಲೆಂಡ್ ಒಕ್ಕೂಟದಲ್ಲೂ ಇರುವುದರಿಂದ ಆ ಪಾಸ್‌ಪೋರ್ಟ್ ಎರಡೂ ಬಾಗಿಲಿನ ಬೀಗದ ಕೈ. ಜನಮತಗಣನೆ ಆದ ಮೇಲೆ ಐರ್ಲೆಂಡಿನಲ್ಲಿ ಹುಟ್ಟಿದ ಅಜ್ಜ ಅಜ್ಜಿ ಇರುವ ಬ್ರಿಟಿಷರು ಹಳೇ ಜನನ ಪತ್ರ ಹುಡುಕಿ ಐರಿಶ್ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಅಜ್ಜಿಯ ಹುಟ್ಟೂರು ಯಾವುದು ಅನ್ನುವುದಕ್ಕೆ ಅಷ್ಟು ಬೆಲೆ ಬಂದಿದ್ದು ಅದೇ ಮೊದಲಿರಬೇಕು.

ಈಗ ನಮ್ಮವರ ವಿಷಯಕ್ಕೆ ಬರೋಣ. ಆ ರೆಡಿಂಗ್ ಗೆಳೆಯ ಶಿವಮೊಗ್ಗ ಕಡೆಯವನು. 2017ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ, ಹಾಗಾಗಿ ಭಾರತದ ಪಾಸ್‌ಪೋರ್ಟ್ ಬಿಡಬೇಕಾಯಿತು. ಹೆಂಡತಿ ಬಿಡಲಿಲ್ಲ. ಊರಲ್ಲಿ ತಾಯಿ ಒಬ್ಬರೇ ಇದ್ದಾರೆ, ನಾಳೆ ಹೇಗೋ ಏನೋ ಅಂತ ಇಂಡಿಯನ್ ಪಾಸ್‌ಪೋರ್ಟೇ ಇಟ್ಟುಕೊಂಡಳು. ಬ್ರಿಟನ್ನಿನಲ್ಲಿ ಶಾಶ್ವತ ವಾಸದ ಅನುಮತಿ ಇದೆ. ಮಕ್ಕಳಿಬ್ಬರೂ ಬ್ರಿಟಿಷ್. ಇಂಥ ಮನೆಗಳು ಅಲ್ಲಿ ಬೇಕಾದಷ್ಟಿವೆ. ಒಂದೇ ಡೈನಿಂಗ್ ಟೇಬಲ್ಲು, ಎರಡು ಬಣ್ಣದ ಪಾಸ್‌ಪೋರ್ಟು.

2019ರಲ್ಲಿ ಅವರು ಪ್ಯಾರಿಸ್ಸಿಗೆ ಹೋದಾಗ ಅವಳಿಗೆ ವೀಸಾ ಬೇಕಿತ್ತು, ಆದರೆ ಪುಕ್ಕಟೆ ಸಿಕ್ಕಿತು. ಒಕ್ಕೂಟದ ಪ್ರಜೆಯ ಜೊತೆ ಪ್ರಯಾಣ ಮಾಡುವ ಗಂಡನಿಗೋ ಹೆಂಡತಿಗೋ ವೀಸಾ ಶುಲ್ಕ ತಗೊಳ್ಳಬಾರದು, ಬೇಗ ಕೊಡಬೇಕು ಅನ್ನುವುದು ಒಕ್ಕೂಟದ ನಿಯಮ. ಮದುವೆ ಸರ್ಟಿಫಿಕೇಟ್ ತೋರಿಸಿದರೆ ಆಯಿತು. ಕಳೆದ ವರ್ಷ ಆಗಸ್ಟಿನಲ್ಲಿ ಮತ್ತೆ ಹೊರಟರು. ಅದೇ ಗಂಡ, ಅದೇ ಹೆಂಡತಿ, ಅದೇ ಸರ್ಟಿಫಿಕೇಟು. ಆದರೆ ಗಂಡ ಈಗ ಒಕ್ಕೂಟದ ಪ್ರಜೆ ಅಲ್ಲ. ಅವಳು 90 ಯೂರೋ ಕಟ್ಟಿ, ಅದರ ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ ಕಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಹೋಟೆಲ್ ಬುಕಿಂಗ್, 30 ಸಾವಿರ ಯೂರೋ ಮೊತ್ತದ ವಿಮೆ ಎಲ್ಲ ಹಿಡಿದು ಸಾಮಾನ್ಯ ಅರ್ಜಿ ಹಾಕಬೇಕಾಯಿತು. ಸ್ಲಾಟು ಸಿಗಲಿಲ್ಲ. ಬೆಳಗ್ಗೆ ಎದ್ದು ಮೊಬೈಲ್ ಹಿಡಿದು ರಿಫ್ರೆಶ್ ಮಾಡೋದೇ ಒಂದು ಕೆಲಸ. ಸಿಗುವ ಹೊತ್ತಿಗೆ ಮಕ್ಕಳ ಶಾಲಾ ರಜೆ ಮುಗಿಯುತ್ತಾ ಬಂದಿತ್ತು. ಮೂವರು ಹೋದರು. ಅವಳು ಮನೆಯಲ್ಲಿ ಉಳಿದಳು. "ನಾನೇ ಹೋಗಿ ಬನ್ನಿ ಅಂದೆ" ಅಂತ ಅವಳು ನನ್ನ ಹತ್ತಿರ ನಗುತ್ತಾ ಹೇಳಿದಳು. ಬ್ರಿಟನ್ ಒಕ್ಕೂಟ ಬಿಟ್ಟಿದ್ದರ ಬಗ್ಗೆ ಬರೆದ ಪುಸ್ತಕಗಳಲ್ಲಿ ಈ ಬಗೆಯ ಲೆಕ್ಕ ಇರೋದಿಲ್ಲ.

ಇನ್ನು ಊರಿಂದ ಹೋಗುವ ಅಪ್ಪ ಅಮ್ಮಂದಿರು. ಈ ಮಾತು ದಯವಿಟ್ಟು ಗಮನವಿಟ್ಟು ಕೇಳಿ, ಇದರಲ್ಲಿ ದುಡ್ಡು ಕಳಕೊಂಡವರನ್ನು ನಾನು ನೋಡಿದ್ದೇನೆ. ಬ್ರಿಟನ್ ವೀಸಾ ಪ್ಯಾರಿಸ್ಸಿಗೆ ನಡೆಯುವುದಿಲ್ಲ. ಶೆಂಗೆನ್ ವೀಸಾ ಲಂಡನ್ನಿಗೆ ನಡೆಯುವುದಿಲ್ಲ. ಲಂಡನ್ನಿಗೆ ಹೋದ ಮೇಲೆ ಅಲ್ಲಿಂದಲೇ ಶೆಂಗೆನ್‌ಗೆ ಅರ್ಜಿ ಹಾಕಿದರಾಯಿತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ನೀವು ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು, ಆರು ತಿಂಗಳ ವಿಸಿಟರ್ ವೀಸಾದಲ್ಲಿ ಹೋದವರು ಅಲ್ಲಿನ ವಾಸಿಗಳಲ್ಲ. ಎರಡೂ ವೀಸಾ ಇಲ್ಲೇ ಮಾಡಿಸಿಕೊಂಡು ಹೊರಡಬೇಕು. ಯಾವ ದೇಶದ ಕಚೇರಿಗೆ? ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕೆ. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಸ್ಲಾಟ್ ಬೇಗ ಸಿಗುತ್ತೆ ಅಂತ ಸಂಬಂಧವಿಲ್ಲದ ದೇಶಕ್ಕೆ ಹಾಕಿಸುವ ಏಜೆಂಟರ ಮಾತು ಕೇಳಬೇಡಿ. ತಿರಸ್ಕಾರ ಆದರೆ ಶುಲ್ಕ ವಾಪಸ್ ಬರುವುದಿಲ್ಲ.

ಇನ್ನೊಂದು ಗುಂಡಿ ಇದೆ. ಮೊದಲು ಫ್ರಾಂಕ್‌ಫರ್ಟಿಗೆ ಹೋಗಿ, ನಾಲ್ಕು ದಿನ ಜರ್ಮನಿ ನೋಡಿ, ಮಗಳ ಮನೆಗೆ ಲಂಡನ್ನಿಗೆ ಹೋಗಿ, ವಾಪಸ್ ಬರುವಾಗ ಪ್ಯಾರಿಸ್ ನೋಡಿಕೊಂಡು ಬರೋಣ ಅನ್ನುವ ಯೋಜನೆ. ಲಂಡನ್ನಿಗೆ ಕಾಲಿಟ್ಟ ಕ್ಷಣ ನೀವು ಶೆಂಗೆನ್‌ನಿಂದ ಆಚೆ ಬಂದಿರಿ. ನಿಮ್ಮದು ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಅಲ್ಲಿಗೆ ಅದು ಮುಗಿಯಿತು, ಎಷ್ಟು ದಿನ ಬಾಕಿ ಇದ್ದರೂ ಸರಿ. ಪ್ಯಾರಿಸ್ ಬಾಗಿಲು ತೆರೆಯುವುದಿಲ್ಲ. ಭಾರತೀಯರಿಗೆ 2024ರ ಏಪ್ರಿಲಿನಿಂದ ಒಂದು ಅನುಕೂಲ ಆಗಿದೆ: ಹಿಂದಿನ ಮೂರು ವರ್ಷದಲ್ಲಿ ಎರಡು ಶೆಂಗೆನ್ ವೀಸಾ ತಗೊಂಡು ನಿಯಮ ಮೀರದೆ ಬಳಸಿದ್ದರೆ, ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಸಿಗಬಹುದು, ಆಮೇಲೆ ಐದು ವರ್ಷದ್ದು. ಆಗಲೂ 90–180ರ ಕಿಟಕಿ ಇದ್ದೇ ಇರುತ್ತದೆ. ತಮಾಷೆ ಎಂದರೆ ಡಬ್ಲಿನ್ ಸುಲಭ. ಭಾರತ ಮತ್ತು ಚೀನಾದ ಪ್ರಜೆಗಳಿಗೆ ಅಂತಲೇ ಬ್ರಿಟನ್–ಐರ್ಲೆಂಡ್ ಜಂಟಿ ಯೋಜನೆಯೊಂದಿದೆ. ಬ್ರಿಟನ್ ವೀಸಾದ ಮೇಲೆ ಬಿ.ಐ.ವಿ.ಎಸ್. ಅಂತ ಮುದ್ರಿಸಿದ್ದರೆ, ಮೊದಲು ಬ್ರಿಟನ್ನಿಗೆ ಹೋಗಿ, ಅದೇ ವೀಸಾದಲ್ಲಿ ಐರ್ಲೆಂಡಿಗೂ ಹೋಗಬಹುದು.

ಗೆಳೆಯನ ಅಪ್ಪ ಅಮ್ಮ ಈ ವರ್ಷ ಮೇ ತಿಂಗಳಲ್ಲಿ ಮೊದಲ ಸಲ ರೆಡಿಂಗ್‌ಗೆ ಹೋಗಿದ್ದರು. ಬ್ರಿಟನ್ ವೀಸಾ ಒಂದೇ ಇತ್ತು. ಪ್ಯಾರಿಸ್ ಆಗಲ್ಲ ಅಂತ ಗೊತ್ತಾದ ಮೇಲೆ ಸೊಸೆ ಅವರಿಬ್ಬರನ್ನೂ ಡೋವರ್‌ಗೆ ಕರಕೊಂಡು ಹೋದಳು. ಬಿಳಿ ಬಂಡೆಗಳ ಮೇಲೆ ನಿಂತು, ಅಗೋ ಅದೇ ಫ್ರಾನ್ಸ್ ಅಂತ ತೋರಿಸಿದಳು. ಅಷ್ಟರಲ್ಲಿ ಅಮ್ಮನ ಮೊಬೈಲಿಗೆ "ಫ್ರಾನ್ಸಿಗೆ ಸ್ವಾಗತ" ಅಂತ ಮೆಸೇಜು ಬಂತಂತೆ. ಅಲ್ಲಿ ಆಚೆ ದಡದ ನೆಟ್‌ವರ್ಕ್ ಸಿಗುತ್ತದೆ. ಅಮ್ಮ ಶಿವಮೊಗ್ಗಕ್ಕೆ ಬಂದು ಎಲ್ಲರಿಗೂ ಅದನ್ನೇ ತೋರಿಸಿದ್ದೂ ತೋರಿಸಿದ್ದೇ.

ಅವರು ಯುಗಾದಿ ಕಳೆದ ಮೇಲೆ, ಏಪ್ರಿಲ್ ಎರಡನೇ ವಾರ, ಮತ್ತೆ ಹೊರಡುತ್ತಿದ್ದಾರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ಹಾಗಾಗಿ ಈ ವಾರವೇ ಬೆಂಗಳೂರಿಗೆ ಬಂದು ಬೆರಳಚ್ಚು ಕೊಟ್ಟರು. ಸೊಸೆ ಅಲ್ಲಿಂದ ಹಾಕುತ್ತಾಳೆ, ಇವರು ಇಲ್ಲಿಂದ. ಮೊನ್ನೆ ಅರ್ಜಿ ಕೊಟ್ಟು ಹಾಗೇ ನಮ್ಮ ಮನೆಗೆ ಬಂದಿದ್ದರು. ಫೈಲ್ ಬಿಚ್ಚಿ ತೋರಿಸಿ, "ನೋಡಪ್ಪ, ಎಲ್ಲ ಸರಿ ಇದೆಯಾ" ಅಂದರು. ಎಂಟ್ರಿ ಕಾಲಂನಲ್ಲಿ ಮಲ್ಟಿಪಲ್ ಅಂತ ಟಿಕ್ ಇತ್ತು. ಪಾಸ್‌ಪೋರ್ಟ್ ಕೊಟ್ಟ ತಾರೀಖನ್ನೂ ಎರಡು ಸಲ ನೋಡಿದೆ.